ಚಿಪ್ಸ್ ಪ್ಯಾಕೆಟ್ಟಿಗೆ ಹಲ್ಲಿದೆ, ಹಾಲಿನ ಪ್ಯಾಕೆಟ್ಟಿಗೆ ಯಾಕಿಲ್ಲ? ಕಾರ್ಖಾನೆಯ ಬ್ಲೇಡುಗಳ ಒಳಗುಟ್ಟು

ಚಿಪ್ಸ್ ಪ್ಯಾಕೆಟ್ಟಿನ ಮೇಲಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸರ್ರನೆ ಹರಿಯುತ್ತದೆ. ನಂದಿನಿ ಹಾಲಿನ ಪ್ಯಾಕೆಟ್ಟಿನ ಅಂಚು ನೆಟ್ಟಗಿರುತ್ತದೆ. ಅದನ್ನು ಕೈಯಲ್ಲಿ ಹರಿಯಲು ಹೋದರೆ ಪ್ಲಾಸ್ಟಿಕ್ ಜಗ್ಗಿ ಉದ್ದವಾಗುತ್ತದೆಯೇ ಹೊರತು ಬಾಯಿ ಬಿಡುವುದಿಲ್ಲ. ಕೊನೆಗೆ ಕತ್ತರಿಯೇ ಬೇಕು. ಎರಡೂ ಪ್ಲಾಸ್ಟಿಕ್ಕೇ, ಎರಡನ್ನೂ ತುಂಬಿ ಮುಚ್ಚುವುದು ಹೆಚ್ಚುಕಮ್ಮಿ ಒಂದೇ ಬಗೆಯ ಯಂತ್ರ. ಆದರೂ ಒಂದಕ್ಕೆ ಹಲ್ಲು, ಇನ್ನೊಂದಕ್ಕಿಲ್ಲ.

ಇದರ ಹಿಂದಿರುವುದು ಕಾರ್ಖಾನೆಯ ಬ್ಲೇಡಿನ ಲೆಕ್ಕಾಚಾರ. ಪ್ಯಾಕೇಜಿಂಗ್ ಕೆಲಸದಲ್ಲಿ 'ಅತಿ ಹರಿತವಾದ ಬ್ಲೇಡ್ ಯಾವುದು?' ಅಂತ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. 'ನೀವು ಕತ್ತರಿಸ್ತಿರೋದು ಏನು?' ಅಂತ ತಿರುಗಿ ಕೇಳುತ್ತಾರೆ. ಬ್ಲೇಡಿನ ಆಕಾರ, ಲೋಹ, ಕೋನ ಎಲ್ಲವನ್ನೂ ಠರಾಯಿಸುವುದು ಎದುರಿಗಿರುವ ವಸ್ತು.

ಮೊದಲು ಹಲ್ಲಿನ ವಿಷಯ. ಯಾವುದೇ ವಸ್ತುವನ್ನು ಎಳೆದಾಗ ಅದರಲ್ಲಿ ಒಂದು ಸಣ್ಣ ಬಿರುಕೋ ಕಚ್ಚೋ ಇದ್ದರೆ, ಎಳೆತದ ಒತ್ತಡವೆಲ್ಲ ಅದರ ತುದಿಯಲ್ಲಿ ಬಂದು ಸೇರುತ್ತದೆ. ಗಾಜು ಲೆಕ್ಕಕ್ಕಿಂತ ಎಷ್ಟೋ ಕಮ್ಮಿ ಎಳೆತಕ್ಕೇ ಒಡೆಯಲು ಅದರಲ್ಲಿ ಅಡಗಿರುವ ಸಣ್ಣ ಬಿರುಕುಗಳೇ ಕಾರಣ ಎಂದು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ತೋರಿಸಿದ. ಚಿಪ್ಸ್ ಪ್ಯಾಕೆಟ್ಟಿನ ಒಂದೊಂದು ಹಲ್ಲಿನ ಸಂದಿಯೂ ಹೀಗೆ ಬೇಕಂತಲೇ ಇಟ್ಟ ಕಚ್ಚು. ನೀವು ಎಲ್ಲಿ ಹಿಡಿದರೂ ಹತ್ತಿರದಲ್ಲೊಂದು ಕಚ್ಚು ಸಿಗುತ್ತದೆ, ಹರಿಯುವುದು ಅಲ್ಲಿಂದ ಶುರುವಾಗುತ್ತದೆ.

ಆದರೆ ಕಚ್ಚು ಇದ್ದರಷ್ಟೇ ಸಾಲದು, ಫಿಲ್ಮೂ ಒಪ್ಪಬೇಕು. ಚಿಪ್ಸಿಗೆ ಬಳಸುವುದು ಹೆಚ್ಚಾಗಿ ಬಿಓಪಿಪಿ ಎಂಬ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಫಿಲ್ಮ್. ತಯಾರಿಸುವಾಗಲೇ ಅದನ್ನು ಉದ್ದಕ್ಕೂ ಅಗಲಕ್ಕೂ ಚೆನ್ನಾಗಿ ಎಳೆದಿರುತ್ತಾರೆ. ಇನ್ನು ಹಿಗ್ಗಲು ಅದರಲ್ಲಿ ಜಾಸ್ತಿ ಜಾಗ ಉಳಿದಿರುವುದಿಲ್ಲ. ಹಾಗಾಗಿ ಕಚ್ಚಿಲ್ಲದಿದ್ದರೆ ಬಲು ಗಟ್ಟಿ, ಒಂದು ಕಚ್ಚು ಬಿದ್ದರೆ ಬಿರುಕು ಓಡುತ್ತದೆ. ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್ ಹಾಗಲ್ಲ. ಎಳೆದಷ್ಟೂ ಹಿಗ್ಗುತ್ತದೆ. ಕಚ್ಚಿನ ಚೂಪು ತುದಿ ಹಿಗ್ಗಿ ದುಂಡಗಾಗುತ್ತದೆ, ಒತ್ತಡ ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ, ಬಿರುಕು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಹಲ್ಲು ಕೊಟ್ಟರೂ ಸುಮ್ನೆ ದಂಡ. ಕ್ರೇಟಿನಲ್ಲಿ ಒಂದರ ಮೇಲೊಂದು ಬಿದ್ದು ಬರುವ ಹಾಲಿಗೆ ಈ ಗುಣವೇ ಬೇಕು ಕೂಡ.

ಈಗ ಚಿಪ್ಸ್ ಯಂತ್ರದ ಒಳಗೆ ನೋಡೋಣ. ಮೇಲಿನಿಂದ ಚಪ್ಪಟೆ ಫಿಲ್ಮ್ ಇಳಿದು ಬರುತ್ತದೆ. ಕಾಲರ್ ಎಂಬ ಬಾಗಿದ ತಗಡಿನ ಮೇಲೆ ಹಾದು ಕೊಳವೆಯಾಗುತ್ತದೆ. ಹಿಂಭಾಗದಲ್ಲಿ ಉದ್ದನೆಯ ಸೀಲ್ ಬೀಳುತ್ತದೆ. ಕೆಳಗೆ ಎರಡು ಬಿಸಿ ದವಡೆಗಳು ಬಂದು ಕೊಳವೆಯನ್ನು ಅಡ್ಡಕ್ಕೆ ಅದುಮುತ್ತವೆ. ಆ ದವಡೆಯ ನಡುವಿನ ಸೀಳಿನಲ್ಲಿ ಹಲ್ಲಿನ ಚಾಕು ಅಡಗಿ ಕೂತಿರುತ್ತದೆ. ದವಡೆ ಮುಚ್ಚಿರುವಾಗಲೇ ಗಾಳಿಯ ಸಿಲಿಂಡರ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಒಂದೇ ಏಟಿಗೆ ಕೆಳಗಿನ ಪ್ಯಾಕೆಟ್ಟಿನ ತಲೆ, ಮೇಲಿನ ಪ್ಯಾಕೆಟ್ಟಿನ ಬುಡ, ಎರಡೂ ಬೇರೆಯಾಗುತ್ತವೆ. ಪ್ಯಾಕೆಟ್ಟಿನ ಎರಡೂ ತುದಿಗೆ ಹಲ್ಲಿರುವುದು ಇದರಿಂದಲೇ. ಹಲ್ಲಿನ ಚಾಕುವಿನಿಂದ ಕಾರ್ಖಾನೆಗೂ ಲಾಭವಿದೆ. ನೇರ ಅಲಗು ಫಿಲ್ಮಿನ ಇಡೀ ಅಗಲವನ್ನು ಒಮ್ಮೆಗೇ ಒತ್ತಬೇಕು. ಹಲ್ಲಿನ ಅಲಗು ಮೊದಲು ತುದಿಗಳಿಂದ ಚುಚ್ಚಿ, ಆಮೇಲೆ ಇಳಿಜಾರಿನಲ್ಲಿ ಸೀಳುತ್ತಾ ಹೋಗುತ್ತದೆ. ಬಲ ಕಮ್ಮಿ ಸಾಕು.

ಬಹಳಷ್ಟು ಹಾಲಿನ ಯಂತ್ರಗಳಲ್ಲಿ ಈ ಜಾಗದಲ್ಲಿ ಚಾಕುವೇ ಇರುವುದಿಲ್ಲ. ನಿಕ್ರೋಮ್ ತಂತಿಯಲ್ಲಿ ಕ್ಷಣಕಾಲ ಕರೆಂಟ್ ಹರಿಸುತ್ತಾರೆ. ಬಿಸಿ ತಂತಿ ಪಾಲಿಥೀನನ್ನು ಕರಗಿಸಿ ಅಂಟಿಸುವುದರ ಜೊತೆಗೇ ಕತ್ತರಿಸಿಯೂ ಬಿಡುತ್ತದೆ. ಅಂಚು ನೆಟ್ಟಗಿರುವುದಕ್ಕೆ ಕಾರಣ ಗೊತ್ತಾಯಿತಲ್ವಾ?

ಮೂರನೆಯ ಬಗೆಯೊಂದಿದೆ: ಪೂರ್ತಿ ಕತ್ತರಿಸದೇ ಇರುವುದು. ಕಿರಾಣಿ ಅಂಗಡಿಯಲ್ಲಿ ಶಾಂಪೂ ಸ್ಯಾಶೆಗಳು ಸರದ ಹಾಗೆ ನೇತಾಡುತ್ತಿರುತ್ತವೆ. ಸ್ಯಾಶೆ ಶಾಂಪೂವನ್ನು ಮೊದಮೊದಲು ಮಾರುಕಟ್ಟೆಗೆ ತಂದವರಲ್ಲಿ ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಒಬ್ಬರು. ಎರಡು ಸ್ಯಾಶೆಗಳ ನಡುವೆ ಬೀಳುವುದು ರಂಧ್ರದ ಸಾಲು. ಅದನ್ನು ಮಾಡುವ ಬ್ಲೇಡಿನಲ್ಲಿ ಹಲ್ಲಿದ್ದಲ್ಲಿ ತೂತಾಗುತ್ತದೆ, ಖಾಲಿ ಬಿಟ್ಟಲ್ಲಿ ಫಿಲ್ಮ್ ಉಳಿಯುತ್ತದೆ. ಉಳಿದದ್ದು ಜಾಸ್ತಿಯಾದರೆ ಅಂಗಡಿಯವರು ಎಳೆದಾಗ ಸ್ಯಾಶೆಯೇ ಹರಿದು ಶಾಂಪೂ ಚೆಲ್ಲುತ್ತದೆ. ಕಮ್ಮಿಯಾದರೆ ಸರ ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ಇದನ್ನು ಸರಿಮಾಡುವುದು ಪೂರ್ತಿ ಕತ್ತರಿಸುವುದಕ್ಕಿಂತ ನಾಜೂಕಿನ ಕೆಲಸ ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಆಗುವುದು ಕೊನೆಯ ಹಂತದಲ್ಲಿ. ಫಿಲ್ಮ್ ಇಲ್ಲಿಗೆ ಬರುವ ಮೊದಲೇ ಒಮ್ಮೆ ಬ್ಲೇಡಿನ ಕೆಳಗೆ ಹಾದಿರುತ್ತದೆ. ಬಿಓಪಿಪಿ ತಯಾರಾಗುವುದು ದೊಡ್ಡ ಯಂತ್ರಗಳಲ್ಲಿ 8 ಮೀಟರಿಗೂ ಜಾಸ್ತಿ ಅಗಲದ ಹಾಳೆಯಾಗಿ. ಪ್ಯಾಕಿಂಗ್ ಯಂತ್ರಕ್ಕೆ ಬೇಕಾದ ಅಗಲ ಗೇಣು ಎರಡು ಗೇಣು ಮಾತ್ರ. ಹಾಗಾಗಿ ದೊಡ್ಡ ರೋಲನ್ನು ಬಿಚ್ಚಿ, ಓಡುತ್ತಿರುವಾಗಲೇ ಉದ್ದಕ್ಕೆ ಸೀಳಿ, ಮತ್ತೆ ಸಣ್ಣ ರೋಲುಗಳಾಗಿ ಸುತ್ತಬೇಕು. ಇದೇ ಸ್ಲಿಟ್ಟಿಂಗ್. ಫಿಲ್ಮ್ ನಿಮಿಷಕ್ಕೆ ನೂರಾರು ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ದಪ್ಪ ನೋಡಿದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು.

ತೆಳು ಫಿಲ್ಮಿಗೆ ರೇಜರ್ ಬ್ಲೇಡ್ ಸಾಕು. 0.1 ರಿಂದ 0.4 ಮಿಲಿಮೀಟರ್ ದಪ್ಪದ ಈ ಬ್ಲೇಡುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಹಳೇ ಕಾಲದ ಶೇವಿಂಗ್ ಬ್ಲೇಡೇ ನೆನಪಾಗುತ್ತದೆ. ಓಡುವ ಫಿಲ್ಮಿನ ದಾರಿಯಲ್ಲಿ ಅದನ್ನು ಅಲ್ಲಾಡದಂತೆ ನಿಲ್ಲಿಸಿಬಿಡುತ್ತಾರೆ, ಫಿಲ್ಮೇ ಬಂದು ಸೀಳಿಕೊಂಡು ಹೋಗುತ್ತದೆ. ಅಗ್ಗ, ಸಲೀಸು, ಮೊಂಡಾದರೆ ಬಿಸಾಡಿ ಹೊಸದು ಹಾಕುವುದು. ತೊಂದರೆ ಏನೆಂದರೆ ಇಡೀ ರೋಲು ಬ್ಲೇಡಿನ ಒಂದೇ ಚುಕ್ಕಿಯ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಆ ಚುಕ್ಕಿ ಬೇಗ ಸವೆಯುತ್ತದೆ. ಅದಕ್ಕೇ ಕೆಲವು ಯಂತ್ರಗಳಲ್ಲಿ ಬ್ಲೇಡನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಾರೆ. ಸವೆತ ಹಂಚಿಹೋಗುತ್ತದೆ.

ಕಾಗದಕ್ಕೆ, ಪದರದ ಮೇಲೆ ಪದರ ಅಂಟಿಸಿದ ದಪ್ಪ ಲ್ಯಾಮಿನೇಟಿಗೆ, ಅಲ್ಯೂಮಿನಿಯಂ ಹಾಳೆಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಬರುವುದು ದುಂಡು ಚಾಕುಗಳ ಜೋಡಿ. ಕೆಳಗೊಂದು, ಮೇಲೊಂದು, ಎರಡೂ ತಿರುಗುತ್ತಾ ಒಂದರ ಪಕ್ಕಕ್ಕೊಂದು ತಾಗಿಕೊಂಡಿರುತ್ತವೆ. ಕತ್ತರಿಯ ಎರಡು ಅಲಗಿನ ಕೆಲಸವನ್ನು ಇವು ಬಿಡುವಿಲ್ಲದೆ ಮಾಡುತ್ತವೆ. ಇಲ್ಲಿ ಮುಖ್ಯವಾದದ್ದು ಬಾಯಿಯ ಹರಿತಕ್ಕಿಂತ ಜೋಡಣೆ. ಮೇಲಿನ ಚಾಕು ಕೆಳಗಿನದರ ಮೇಲೆ ಸ್ವಲ್ಪವೇ ಸ್ವಲ್ಪ ಇಳಿದಿರಬೇಕು. ಅದನ್ನು ಒಂದು ಡಿಗ್ರಿಗೂ ಕಮ್ಮಿ ಓರೆ ಮಾಡಿಟ್ಟಿರುತ್ತಾರೆ, ಕತ್ತರಿಸುವ ಜಾಗದಲ್ಲಿ ಒಂದೇ ಬಿಂದುವಿನಲ್ಲಿ ತಾಗಲಿ ಅಂತ. ಇಳಿತ ಜಾಸ್ತಿಯಾದರೆ ಅಂಚು ಸುಕ್ಕುಗಟ್ಟುತ್ತದೆ, ಚಾಕುಗಳೂ ಒಂದನ್ನೊಂದು ತಿಂದುಹಾಕುತ್ತವೆ. ಕಮ್ಮಿಯಾದರೆ ಅಲ್ಲಲ್ಲಿ ಕತ್ತರಿಸದೇ ಉಳಿಯುತ್ತದೆ. ಚಾಕು ಸರಿಯಾಗಿ ಕತ್ತರಿಸದಿದ್ದಾಗ ಒತ್ತಡ ಜಾಸ್ತಿ ಮಾಡುವುದು ಎಲ್ಲರ ಮೊದಲ ಮದ್ದು. ಅವತ್ತಿನ ಮಟ್ಟಿಗೆ ಕೆಲಸ ನಡೆಯುತ್ತದೆ, ಚಾಕು ಮಾತ್ರ ಇನ್ನೂ ಬೇಗ ಮೊಂಡಾಗುತ್ತದೆ. ಮೊದಲು ಜೋಡಣೆ ನೋಡಬೇಕು, ಆಮೇಲೆ ಸಾಣೆ, ಒತ್ತಡದ ತಿರುಪು ಕೊನೆಗೆ.

ಇನ್ನೊಂದು ಬಗೆಯಲ್ಲಿ ದುಂಡು ಬ್ಲೇಡನ್ನು ಗಟ್ಟಿ ಉಕ್ಕಿನ ರೋಲರಿನ ಮೇಲೆ ಒತ್ತಿ ಹಿಡಿಯುತ್ತಾರೆ, ನಡುವೆ ಸಿಕ್ಕಿದ್ದು ಜಜ್ಜಿ ತುಂಡಾಗುತ್ತದೆ. ಅಗಲ ಬದಲಿಸುವುದು ಸುಲಭ, ಅಂಚು ಅಷ್ಟಕ್ಕಷ್ಟೇ. ಅಂಟು ಟೇಪುಗಳಿಗೆ ಇದನ್ನು ಬಳಸುತ್ತಾರೆ.

ಈಗ ಒಂದು ವಿಚಿತ್ರ. ಕಾಗದ ಮೆತ್ತಗೆ, ಉಕ್ಕು ಗಟ್ಟಿ. ಹಾಗಿದ್ದರೂ ಸವೆಯುವುದು ಉಕ್ಕು! ಒಂದು ಕಾರಣ ಕಾಗದದ ಒಳಗೇ ಇದೆ. ಬೆಳ್ಳಗೆ, ನುಣುಪಾಗಿ ಕಾಣಲಿ ಅಂತ ಕಾಗದಕ್ಕೆ ಸುಣ್ಣದ ಕಲ್ಲಿನ ಪುಡಿ, ಚೀನಾ ಜೇಡಿ ಸೇರಿಸುತ್ತಾರೆ. ಬಿಳಿ ಪ್ಲಾಸ್ಟಿಕ್ಕಿಗೆ ಟೈಟಾನಿಯಂ ಡೈಆಕ್ಸೈಡ್. ರದ್ದಿಯಿಂದ ಮಾಡಿದ ರಟ್ಟಿನಲ್ಲಿ ಮರಳಿನ ಕಣವೂ ಸಿಗುತ್ತದೆ, ಸ್ಟೇಪ್ಲರ್ ಪಿನ್ನಿನ ಚೂರೂ ಸಿಗುತ್ತದೆ. ಬ್ಲೇಡ್ ಕತ್ತರಿಸುತ್ತಿರುವುದು ಬರೀ ಕಾಗದವನ್ನಲ್ಲ, ಅದರೊಳಗಿನ ಕಲ್ಲನ್ನು.

ಆದರೆ ಕಲ್ಲಿನ ಕಣ ಇಲ್ಲದಿದ್ದರೂ ಬ್ಲೇಡ್ ಹಾಳಾಗುತ್ತದೆ. 2020ರ ಆಗಸ್ಟಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಎಂಐಟಿ ಸಂಶೋಧಕರ ಕೆಲಸವೊಂದು ಬಂತು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಅದು ಶೇವಿಂಗ್ ಬ್ಲೇಡನ್ನು ಹೇಗೆ ಕೆಡಿಸುತ್ತದೆ ಅಂತ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಬಾಯಿ ನಿಧಾನವಾಗಿ ದುಂಡಗಾಗುವುದರ ಜೊತೆಗೆ ಅಂಚಿನ ಚೂರುಗಳು ಹಾರಿಹೋಗುವುದೂ ಕಂಡಿತು. ಕೂದಲು ಬಾಗಿ ಬ್ಲೇಡಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏರುಪೇರಾಗಿದ್ದ ಜಾಗದಲ್ಲಿ ಹೀಗಾಗುತ್ತಿತ್ತು. ಅಂದರೆ ಬ್ಲೇಡಿನ ಆಯುಸ್ಸು ಉಕ್ಕು ಎಷ್ಟು ಗಟ್ಟಿ ಅನ್ನುವುದರ ಮೇಲಷ್ಟೇ ನಿಂತಿಲ್ಲ. ಅಂಚಿನುದ್ದಕ್ಕೂ ಒಂದೇ ಸಮನಾಗಿದೆಯಾ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಬ್ಲೇಡಿನ ಲೋಹ ಆರಿಸುವುದು ಯಾವಾಗಲೂ ಒಂದು ರಾಜಿ. ಗಡಸು ಜಾಸ್ತಿಯಾದರೆ ಸವೆತ ಕಮ್ಮಿ, ಆದರೆ ಪೆಟ್ಟು ತಾಳುವ ಗುಣ ಕುಗ್ಗುತ್ತದೆ, ಅಂಚು ಚಕ್ಕೆಯೇಳುತ್ತದೆ. ಮೆತ್ತಗಿನ ಉಕ್ಕು ಚಕ್ಕೆಯೇಳುವುದಿಲ್ಲ, ಬಾಗಿ ಮೊಂಡಾಗುತ್ತದೆ. ಎರಡೂ ಗುಣ ಪೂರ್ತಿಯಾಗಿ ಇರುವ ಲೋಹ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಡಿ2. ಇದರಲ್ಲಿ ಸುಮಾರು ಶೇ 12 ಕ್ರೋಮಿಯಂ, ಶೇ 1.5 ಇಂಗಾಲ. ಇವೆರಡೂ ಸೇರಿ ಉಕ್ಕಿನೊಳಗೆ ಕ್ರೋಮಿಯಂ ಕಾರ್ಬೈಡಿನ ಗಡಸು ಕಣಗಳಾಗುತ್ತವೆ, ಸವೆತ ತಡೆಯುವುದು ಇವೇ. ಕಾಯಿಸಿ ತಣಿಸಿ, ಟೆಂಪರ್ ಮಾಡಿದ (ಅಂದರೆ ಮತ್ತೆ ಹದವಾಗಿ ಕಾಯಿಸಿದ) ಮೇಲೆ ಇದರ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಆಸುಪಾಸು. ಇನ್ನೂ ಒಂದು ಮೆಟ್ಟಿಲು ಮೇಲೆ ಹೈಸ್ಪೀಡ್ ಸ್ಟೀಲ್, ವರ್ಕ್‌ಶಾಪಿನವರ ಬಾಯಲ್ಲಿ ಎಚ್‌ಎಸ್‌ಎಸ್. ಎಂ2 ಎಂಬ ಬಗೆಯಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಂ, ಕ್ರೋಮಿಯಂ, ವೆನೇಡಿಯಂ ನಾಲ್ಕೂ ಇರುತ್ತವೆ. ಬಿಸಿಯಾದರೂ ಗಡಸು ಬಿಟ್ಟುಕೊಡದಿರುವುದು ಇದರ ಹೆಚ್ಚುಗಾರಿಕೆ.

ಎಲ್ಲಕ್ಕಿಂತ ಮೇಲಿರುವುದು ಟಂಗ್‌ಸ್ಟನ್ ಕಾರ್ಬೈಡ್. ಇದು ಉಕ್ಕಲ್ಲ. ಕಾರ್ಬೈಡಿನ ಪುಡಿಗೆ ಸ್ವಲ್ಪ ಕೋಬಾಲ್ಟ್ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1400 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕರಗಿದ ಕೋಬಾಲ್ಟ್ ಕಣಗಳನ್ನು ಹಿಡಿದು ಕಟ್ಟುತ್ತದೆ. ಇದು ಹುಟ್ಟಿದ್ದು 1920ರ ದಶಕದ ಜರ್ಮನಿಯಲ್ಲಿ, ಅದೂ ಬಲ್ಬು ಮಾಡುವವರ ಮನೆಯಲ್ಲಿ. ಬಲ್ಬಿನ ಟಂಗ್‌ಸ್ಟನ್ ತಂತಿ ಎಳೆಯುವ ಅಚ್ಚಿಗೆ ವಜ್ರ ದುಬಾರಿಯಾಗುತ್ತಿತ್ತು, ಬದಲಿ ಹುಡುಕುತ್ತಿದ್ದಾಗ ಒಸ್ರಾಂ ಕಂಪನಿಯವರಿಗೆ ಇದು ಸಿಕ್ಕಿತು. ಕ್ರುಪ್ ಕಂಪನಿ ಇದನ್ನು 'ವಿಡಿಯಾ' ಎಂಬ ಹೆಸರಲ್ಲಿ ಮಾರಿತು. ಅದೇ ಹೆಸರಿನ ಕಾರ್ಖಾನೆ 1960ರ ದಶಕದಲ್ಲಿ ಬೆಂಗಳೂರಿನ ತುಮಕೂರು ರಸ್ತೆಗೂ ಬಂತು, ಈಗ ಅದು ಕೆನ್ನಮೆಟಲ್ ಇಂಡಿಯಾ. ಪೀಣ್ಯದ ಹಳೇ ಟರ್ನರ್‌ಗಳು ಯಾವ ಕಂಪನಿಯ ಕಾರ್ಬೈಡನ್ನೂ ಇವತ್ತಿಗೂ ವಿಡಿಯಾ ಅನ್ನುವುದುಂಟು.

ಸುಕ್ಕುರಟ್ಟಿನ, ಅಂದರೆ ಕೊರಿಯರ್ ಡಬ್ಬಿಯ ರಟ್ಟಿನ ಕಾರ್ಖಾನೆಯಲ್ಲಿ ಕಾರ್ಬೈಡ್ ಬ್ಲೇಡಿಗೆ ತುಂಬಾ ಬೇಡಿಕೆ. ತೆಳು ತಟ್ಟೆಯಂಥ ಬ್ಲೇಡ್ ಜೋರಾಗಿ ತಿರುಗುತ್ತಾ ರಟ್ಟನ್ನು ಸೀಳುತ್ತದೆ. ಪಕ್ಕದಲ್ಲೇ ಪುಟ್ಟ ಸಾಣೆಕಲ್ಲುಗಳಿರುತ್ತವೆ, ಆಗಾಗ ಬಂದು ತಾಗಿ ಯಂತ್ರ ನಿಲ್ಲಿಸದೇ ಮಸೆದು ಹೋಗುತ್ತವೆ. ಬ್ಲೇಡ್ ಮೊಂಡಾದರೆ ಅಲೆಅಲೆಯಾದ ಒಳಪದರ ಜಜ್ಜಿಹೋಗಿ, ಡಬ್ಬಿಯ ಅಂಚು ಚಪ್ಪಟೆಯಾಗುತ್ತದೆ. ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದಾಗ ಭಾರ ಹೊರುವುದು ಆ ಅಲೆಗಳೇ.

ಮಡಚುವ ಪೆಟ್ಟಿಗೆಗಳ ಕಥೆ ಬೇರೆ. ಟೂತ್‌ಪೇಸ್ಟಿನ ಡಬ್ಬಿ, ಮಾತ್ರೆಯ ಡಬ್ಬಿ, ಸ್ವೀಟ್ ಬಾಕ್ಸ್. ಇವು ಅಗ್ಗವಾಗಿ ಬಂದದ್ದೇ ಒಂದು ಎಡವಟ್ಟಿನಿಂದ. 1879ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಗೇರ್ ಎಂಬವನ ಮುದ್ರಣಾಲಯದಲ್ಲಿ ಬೀಜದ ಚೀಲಗಳು ಅಚ್ಚಾಗುತ್ತಿದ್ದವು. ಮಡಿಕೆಯ ಗೆರೆ ಮೂಡಿಸಬೇಕಿದ್ದ ಲೋಹದ ಪಟ್ಟಿಯೊಂದು ಜರುಗಿ ಎತ್ತರವಾಗಿ, ಚೀಲಗಳನ್ನು ಕತ್ತರಿಸಿಹಾಕಿತು. ಹಾಳಾದ ಮಾಲು ನೋಡಿ ಗೇರ್‌ಗೆ ಹೊಳೆಯಿತು: ಪಟ್ಟಿ ಎತ್ತರವಿದ್ದರೆ ಕತ್ತರಿಸುತ್ತದೆ, ಸ್ವಲ್ಪ ಗಿಡ್ಡವಿದ್ದರೆ ಮಡಿಕೆ ಮೂಡಿಸುತ್ತದೆ, ಹಾಗಾದರೆ ಎರಡನ್ನೂ ಒಂದೇ ಒತ್ತಿಗೆ ಮಾಡಬಹುದಲ್ಲ! ಅಲ್ಲಿಯವರೆಗೆ ಇಂಥ ಪೆಟ್ಟಿಗೆಗಳನ್ನು ಕತ್ತರಿಸುವುದು ಒಂದು ಕೆಲಸ, ಗೆರೆ ಹಾಕುವುದು ಇನ್ನೊಂದು ಕೆಲಸ ಆಗಿತ್ತು.

ಇವತ್ತಿಗೂ ಸೂತ್ರ ಅದೇ. ಬೆಂಗಳೂರಿನ ಸುಲ್ತಾನ್‌ಪೇಟೆಯ ಕಡೆ ಮದುವೆ ಕಾರ್ಡು ಮಾಡಿಸಲು ಹೋದವರು ಪಂಚಿಂಗ್, ಕ್ರೀಸಿಂಗ್ ಅನ್ನುವ ಮಾತು ಕೇಳಿರುತ್ತೀರಿ. ಪ್ಲೈವುಡ್ ಹಲಗೆಯಲ್ಲಿ ಲೇಸರಿನಿಂದ ಪೆಟ್ಟಿಗೆಯ ನಕ್ಷೆ ಕೊರೆದು, ಆ ಸೀಳಿಗೆ ಉಕ್ಕಿನ ಪಟ್ಟಿಗಳನ್ನು ಬಾಗಿಸಿ ಕೂರಿಸುತ್ತಾರೆ. ಕತ್ತರಿಸುವ ಪಟ್ಟಿಯ ಎತ್ತರ ಸಾಮಾನ್ಯವಾಗಿ 23.8 ಮಿಲಿಮೀಟರ್, ದಪ್ಪ 0.71. ಮಡಿಕೆಯ ಪಟ್ಟಿ ಅದಕ್ಕಿಂತ ಕೊಂಚ ಗಿಡ್ಡ, ತಲೆ ದುಂಡು. ಪಟ್ಟಿಯ ಅಕ್ಕಪಕ್ಕದ ರಬ್ಬರು ಕತ್ತರಿಸಿದ ಹಾಳೆಯನ್ನು ಹಿಂದಕ್ಕೆ ತಳ್ಳುತ್ತದೆ, ಇಲ್ಲದಿದ್ದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಮಾತ್ರೆಯ ಡಬ್ಬಿಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಒಂದೆರಡು ಕಡೆ ಸಣ್ಣ ಮೊಗ್ಗಿನಂಥದ್ದು ತಾಗಬಹುದು. ಅದು ತಪ್ಪಲ್ಲ. ಕತ್ತರಿಸುವ ಪಟ್ಟಿಯಲ್ಲಿ ಬೇಕಂತಲೇ ಸಣ್ಣ ಕಚ್ಚು ಬಿಟ್ಟಿರುತ್ತಾರೆ, ಯಂತ್ರದೊಳಗೆ ಓಡುವಾಗ ಡಬ್ಬಿ ಹಾಳೆಯಿಂದ ಕಳಚಿ ಬೀಳದಿರಲಿ ಅಂತ. ಅದಕ್ಕೆ ನಿಕ್ ಅನ್ನುತ್ತಾರೆ.

ಇದೇ ಬೀದಿಯಲ್ಲಿ ಕಾಣುವ ಇನ್ನೊಂದು ಯಂತ್ರ ಕಾಗದದ ರೀಮು ಕತ್ತರಿಸುವ ದೊಡ್ಡ ಕಟಿಂಗ್ ಮಷಿನ್. ಅದರ ಚಾಕು ನೇರವಾಗಿ ಕೆಳಗಿಳಿಯುತ್ತದೆ ಅಂತ ಕಂಡರೂ, ಗಮನಿಸಿದರೆ ಓರೆಯಾಗಿ ಜಾರುತ್ತಾ ಇಳಿಯುತ್ತಿರುತ್ತದೆ. ಮಾಗಿದ ಟೊಮೆಟೊ ಮೇಲೆ ಚಾಕು ಸುಮ್ನೆ ಒತ್ತಿದರೆ ಅಪ್ಪಚ್ಚಿ, ಎಳೆದರೆ ನೀಟಾದ ಹೋಳು, ಅಲ್ವಾ? ಎಳೆತ ಸೇರಿದಾಗ ಒತ್ತುವ ಬಲ ಬಹಳ ಇಳಿಯುತ್ತದೆ. ಇಲ್ಲದಿದ್ದರೆ ಮೇಲಿನ ಹಾಳೆಗಳು ಮುಂದಕ್ಕೆ ಜರುಗಿ, ಮೇಲಿನ ಪುಟಕ್ಕೂ ಕೆಳಗಿನ ಪುಟಕ್ಕೂ ಅಳತೆ ಬೇರೆಯಾಗುತ್ತದೆ.

ಬ್ಲೇಡ್ ಮೊಂಡಾದದ್ದು ಗೊತ್ತಾಗುವುದು ಹೇಗೆ? ಬ್ಲೇಡನ್ನೇ ನೋಡುವ ಮೊದಲು ಮಾಲು ಹೇಳುತ್ತದೆ. ರೋಲಿನ ಪಕ್ಕದಲ್ಲಿ ಬಿಳಿ ಧೂಳು ಕೂರುತ್ತದೆ. ಫಿಲ್ಮಿನ ಅಂಚಿನಲ್ಲಿ ಕೂದಲಿನಂಥ ಎಳೆ ಬರುತ್ತದೆ. ಪ್ಯಾಕೆಟ್ಟುಗಳು ಎರಡೆರಡು ಅಂಟಿಕೊಂಡು ಬೀಳುತ್ತವೆ. ಖರೀದಿ ವಿಭಾಗದವರು ಬ್ಲೇಡಿನ ಬೆಲೆ ನೋಡುತ್ತಾರೆ, ಆದರೆ ಖರ್ಚು ಇರುವುದು ಬೇರೆಡೆ. ನಿಮಿಷಕ್ಕೆ 80 ಪ್ಯಾಕೆಟ್ ತುಂಬುವ ಯಂತ್ರದ ಚಾಕು 8 ಗಂಟೆಯ ಪಾಳಿಯಲ್ಲಿ 38,400 ಸಲ ಕತ್ತರಿಸುತ್ತದೆ. ಚಾಕು ಬದಲಿಸಲು 15 ನಿಮಿಷ ನಿಲ್ಲಿಸಿದರೆ 1,200 ಪ್ಯಾಕೆಟ್ ಹೋಯಿತು. ಅಗ್ಗದ ಬ್ಲೇಡ್ ದಿನಕ್ಕೆರಡು ಸಲ ಯಂತ್ರ ನಿಲ್ಲಿಸಿದರೆ ಅದು ಅಗ್ಗ ಹೇಗಾಗುತ್ತದೆ?

ಸಾಣೆ ಹಿಡಿಯುವುದರಲ್ಲೂ ಎಡವುವುದುಂಟು. ಇನ್ನೂ ನಡೆಯುತ್ತೆ ಬಿಡಿ ಅಂತ ತೀರಾ ಮೊಂಡಾಗುವವರೆಗೆ ಓಡಿಸಿದರೆ, ಸರಿಮಾಡಲು ಜಾಸ್ತಿ ಲೋಹ ತೆಗೆಯಬೇಕಾಗುತ್ತದೆ, ಚಾಕುವಿನ ಆಯುಸ್ಸು ಅಷ್ಟು ಕಮ್ಮಿ. ಅವಸರದಲ್ಲಿ ಜೋರಾಗಿ ಉಜ್ಜಿ, ತಣಿಸುವ ನೀರು ಸರಿಯಾಗಿ ಬಿಡದಿದ್ದರೆ ಅಂಚು ಸುಟ್ಟು ನೀಲಿಗಟ್ಟುತ್ತದೆ. ಆ ನೀಲಿ ಬಣ್ಣ ಬಂತೆಂದರೆ ಟೆಂಪರ್ ಕೆಟ್ಟಿರುವ ಸಂಭವ ಜಾಸ್ತಿ. ನೋಡಲು ಹರಿತವಾಗಿಯೇ ಇರುತ್ತದೆ, ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೆ ಮೊಂಡು. ದುಂಡು ಚಾಕುಗಳಾದರೆ ಸಾಣೆಯ ನಂತರ ವ್ಯಾಸ ಕುಗ್ಗಿರುತ್ತದೆ. ಹೊಸ ಅಳತೆ ಬರೆದಿಟ್ಟು ಜೋಡಣೆಯನ್ನು ಮತ್ತೆ ಮಾಡಬೇಕು.

ಯಂತ್ರದ ಅಪಾಯಕಾರಿ ಭಾಗಗಳಿಗೆ ಕಾವಲು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಕಟಿಂಗ್ ಮಷಿನ್ನಿಗೆ ಎರಡು ಗುಂಡಿಗಳಿರುವುದು, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ಚಾಕು ಇಳಿಯುವುದು ಅದಕ್ಕೇ. ಆದರೆ ಯಂತ್ರ ನಿಂತ ಮೇಲೂ ಬ್ಲೇಡ್ ಹರಿತವಾಗಿಯೇ ಇರುತ್ತದೆ. ಬದಲಿಸುವಾಗ, ಒರೆಸುವಾಗ, ಬಿಸಾಡುವಾಗ ಯಾವ ಗುಂಡಿಯೂ ಕಾಯುವುದಿಲ್ಲ. ಬ್ಲೇಡ್ ತಾಗಿದರೂ ಸುಲಭಕ್ಕೆ ಸೀಳದ ಗ್ಲೌಸ್ ಹಾಕಿಕೊಳ್ಳಬೇಕು, ಹಳೇ ಬ್ಲೇಡಿಗೆ ಬೇರೆಯೇ ಡಬ್ಬಿ ಇಡಬೇಕು.

ತಿಂಡಿ ಪ್ಯಾಕ್ ಮಾಡುವ ಕಡೆ ಇನ್ನೊಂದು ಭಯ ಇದೆ. ಚಾಕುವಿನ ಚಕ್ಕೆ ಮುರಿದು ಪ್ಯಾಕೆಟ್ಟಿನೊಳಗೆ ಬಿದ್ದರೆ? ಅದಕ್ಕೇ ಸಾಲಿನ ಕೊನೆಯಲ್ಲಿ ಮೆಟಲ್ ಡಿಟೆಕ್ಟರ್ ಇಡುತ್ತಾರೆ. ಜಿರ್ಕೋನಿಯಾದಿಂದ ಮಾಡಿದ ಸೆರಾಮಿಕ್ ಬ್ಲೇಡ್ ತುಕ್ಕು ಹಿಡಿಯುವುದಿಲ್ಲ, ಸವೆಯುವುದೂ ನಿಧಾನ, ಕೇಳಲು ಚೆನ್ನಾಗಿದೆ. ಆದರೆ ಅದು ಲೋಹವಲ್ಲ, ಚೂರು ಹಾರಿದರೆ ಮೆಟಲ್ ಡಿಟೆಕ್ಟರಿಗೆ ಕಾಣುವುದಿಲ್ಲ. ಹುಡುಕಲು ಎಕ್ಸ್‌ರೇ ಯಂತ್ರ ಬೇಕು. ಕಟ್ಟುನಿಟ್ಟಿನ ಕಾರ್ಖಾನೆಗಳಲ್ಲಿ ಬ್ಲೇಡ್ ಒಡೆದಾಗ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡುತ್ತಾರೆ. ಒಂದು ಚೂರು ಕಮ್ಮಿಯಾದರೂ, ಹಿಂದಿನ ಸಲ ಬ್ಲೇಡ್ ಸರಿಯಿದೆ ಎಂದು ಬರೆದಿಟ್ಟ ಹೊತ್ತಿನಿಂದ ಹೊರಬಂದ ಅಷ್ಟೂ ಮಾಲನ್ನು ಗೋದಾಮಿನಲ್ಲೇ ತಡೆದಿಡುತ್ತಾರೆ.